ಭಾಗಿಸಿ ನೋಡಬೇಕಾದ ನಾಡು

ಕೊಡಗು ಜಿಲ್ಲೆಯ ವಿಸ್ತೀರ್ಣ 4,102 ಚದರ ಕಿಲೋಮೀಟರ್. ಲಡಾಖಿನ ಪೂರ್ವದ ಅಂಚಿನಲ್ಲಿ, ಟಿಬೆಟ್ ಕಡೆಯ ಗಡಿಗೆ ಆತುಕೊಂಡಿರುವ ಚಾಂಗ್‌ತಾಂಗ್ ಶೀತ ಮರುಭೂಮಿ ವನ್ಯಜೀವಿಧಾಮದ್ದು ಸುಮಾರು 4,000. ಕಾಗದದ ಮೇಲೆ ಎರಡೂ ಒಂದೇ ಅಳತೆಯವು. ಕೊಡಗಿನಲ್ಲಿ 2011ರ ಜನಗಣತಿಯ ವೇಳೆಗೆ ಐದೂವರೆ ಲಕ್ಷ ಜನರಿದ್ದರು, ಚದರ ಕಿಲೋಮೀಟರಿಗೆ 135ರಂತೆ. ಚಾಂಗ್‌ತಾಂಗ್ ಆಗ ಸೇರಿದ್ದ ಲೇಹ್ ಜಿಲ್ಲೆಗೆ ಅದೇ ಗಣತಿ ಕೊಟ್ಟ ಲೆಕ್ಕ ಚದರ ಕಿಲೋಮೀಟರಿಗೆ 3. ಲೇಹ್ ಪಟ್ಟಣದವರನ್ನು ಪಕ್ಕಕ್ಕಿಟ್ಟರೆ ಆ ಮೂರೂ ಪೂರ್ತಿ ಉಳಿಯುವುದಿಲ್ಲ.

ಬೆರಗುಪಡಿಸುವ ಅಂಕಿ ಎಂದರೆ ಸಾಮಾನ್ಯವಾಗಿ ಸೊನ್ನೆಗಳ ಸಾಲು. ಚಾಂಗ್‌ತಾಂಗಿನಲ್ಲಿ ಅಂಥವೂ ಇವೆ. ನೆಲದ ಎತ್ತರ 14,000 ಅಡಿಯಿಂದ 19,000 ಅಡಿಯವರೆಗೆ. ಪಾಂಗಾಂಗ್ ಸರೋವರದ ಉದ್ದ ಸುಮಾರು 134 ಕಿಲೋಮೀಟರ್. ಅದರ ಮೂರನೇ ಒಂದು ಪಾಲು ಮಾತ್ರ ನಮ್ಮ ಕಡೆ. ಗಡಿಯಾಚೆ ಇದೇ ಪ್ರಸ್ಥಭೂಮಿ ಪೂರ್ವಕ್ಕೆ ಸಾವಿರ ಕಿಲೋಮೀಟರಿಗೂ ಹೆಚ್ಚು ಹಬ್ಬಿದೆ. ಅಲ್ಲಿ ಚೀನಾ 1993ರಲ್ಲಿ ಗುರುತಿಸಿದ ಚಾಂಗ್‌ತಾಂಗ್ ಸಂರಕ್ಷಿತ ಪ್ರದೇಶವೊಂದೇ ಸುಮಾರು 3 ಲಕ್ಷ ಚದರ ಕಿಲೋಮೀಟರ್, ಅಂದರೆ ಒಂದೂವರೆ ಕರ್ನಾಟಕ. ಆದರೆ ಇವೆಲ್ಲ ಕೇಳಿ ಮರೆಯುವ ಅಂಕಿಗಳು. ಆ ನೆಲದ ನಿಜವಾದ ಸ್ವಭಾವ ಗೊತ್ತಾಗುವುದು ಗುಣಾಕಾರದಲ್ಲಲ್ಲ, ಭಾಗಾಕಾರದಲ್ಲಿ. ಇಷ್ಟು ಜಾಗಕ್ಕೆ ಎಷ್ಟು ನೀರು, ಇಷ್ಟು ಹುಲ್ಲಿಗೆ ಎಷ್ಟು ಬಾಯಿ, ಇಷ್ಟು ರಾತ್ರಿಗೆ ಎಷ್ಟು ಹಿಮಚಿರತೆ ಎಂದು ಹಂಚುತ್ತ ಹೋದಾಗ ಬರುವ ಉತ್ತರಗಳು ಎಷ್ಟು ಸಣ್ಣವು ಎಂಬುದೇ ಅಲ್ಲಿನ ವಿಸ್ಮಯ.

ನೀರಿನಿಂದಲೇ ಶುರು ಮಾಡೋಣ. ಚಾಂಗ್‌ತಾಂಗಿನ ಹಾನ್ಲೆ ಕಣಿವೆಯಲ್ಲಿ ಮಳೆ, ಹಿಮ ಎರಡೂ ಸೇರಿ ವರ್ಷಕ್ಕೆ 10 ಸೆಂಟಿಮೀಟರ್ ದಾಟುವುದಿಲ್ಲ. ಒಂದು ಚದರ ಮೀಟರ್ ನೆಲಕ್ಕೆ ವರ್ಷಕ್ಕೆ ಹೆಚ್ಚೆಂದರೆ ನೂರು ಲೀಟರ್ ಆಯಿತು. 365ರಿಂದ ಭಾಗಿಸಿ: ದಿನಕ್ಕೆ 270 ಮಿಲಿಲೀಟರ್. ಅಷ್ಟೂ ನೆಲಕ್ಕೆ ದಕ್ಕುವುದಿಲ್ಲ. ಒಣಗಾಳಿ ಬಹಳಷ್ಟು ಹಿಮವನ್ನು ಕರಗುವ ಮೊದಲೇ ನೇರವಾಗಿ ಆವಿ ಮಾಡಿ ಒಯ್ಯುತ್ತದೆ. ಕಣಿವೆಯ ತಳದಲ್ಲಿ ಹಸಿರು ಕಾಣಿಸುವುದು ಮೇಲಿನ ಶಿಖರಗಳಿಂದ ಬೇಸಿಗೆಯಲ್ಲಿ ಇಳಿದು ಬರುವ ಹಿಮನೀರಿನ ದಯೆಯಿಂದ. ಆ ನೀರು ಹರಡುವಷ್ಟು ದೂರ ಜೌಗು ಹುಲ್ಲು, ಅದರಾಚೆ ಕಲ್ಲು, ಮರಳು, ಅಲ್ಲೊಂದು ಇಲ್ಲೊಂದು ಬುರ್ತ್ಸೆ ಪೊದೆ. ಮೊಣಕಾಲೆತ್ತರದ ಈ ಪೊದೆಯೇ ಅಲ್ಲಿನವರ ಸೌದೆ.

ಇನ್ನು ಗಾಳಿ. 4,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ನೂರಕ್ಕೆ 57ರಷ್ಟು. ಒಂದು ಉಸಿರಿಗೆ ಕರಾವಳಿಯಲ್ಲಿ ಸಿಗುವ ಆಮ್ಲಜನಕದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಿಕ್ಕಂತಾಯಿತು. ನೀರು 85 ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್ ಇಲ್ಲದಿದ್ದರೆ ಬೇಳೆ ಬೇಯುವ ಮಾತಿಲ್ಲ. ಪೂಗಾ ಕಣಿವೆಯ ಬಿಸಿನೀರಿನ ಬುಗ್ಗೆಗಳಲ್ಲಿ ಭೂವಿಜ್ಞಾನಿಗಳು ಅಳೆದ ಅತಿ ಹೆಚ್ಚಿನ ಉಷ್ಣತೆ 84 ಡಿಗ್ರಿ. ಅಯ್ಯೋ ಅಷ್ಟೇನಾ ಎನ್ನಬೇಡಿ. ಆ ಎತ್ತರದಲ್ಲಿ ನೀರು ಅದಕ್ಕಿಂತ ಹೆಚ್ಚು ಬಿಸಿಯಾಗಲಾರದು. ಅದು ಕೊತಕೊತ ಕುದಿಯುವ ನೀರೇ, ನೂರು ಡಿಗ್ರಿ ಅಲ್ಲ ಅಷ್ಟೆ.

ಆ ಬಿಸಿಯ ಮೂಲ ನೆಲದಡಿಯಲ್ಲಿದೆ, ಮತ್ತು ನೆಲದಡಿಯ ಲೆಕ್ಕವೇ ಬೇರೆ. ಭಾರತದ ಭೂಫಲಕ ಏಷ್ಯಾಕ್ಕೆ ಬಂದು ತಗುಲಿದ್ದು ಸುಮಾರು 5 ಕೋಟಿ ವರ್ಷಗಳ ಹಿಂದೆ. ತಗುಲಿದ ಗಾಯದ ಗೆರೆ ಸಿಂಧೂ ನದಿಯ ಉದ್ದಕ್ಕೂ, ಚಾಂಗ್‌ತಾಂಗಿನ ನಡುವೆಯೇ ಹಾದುಹೋಗುತ್ತದೆ. ತ್ಸೋ ಮೊರಿರಿ ಸರೋವರದ ಸುತ್ತಲಿನ ಬಂಡೆಗಳಲ್ಲಿ ಕೋಯಸೈಟ್ ಎಂಬ ಖನಿಜದ ಕಣಗಳು ಸಿಕ್ಕಿವೆ. ಸಾಮಾನ್ಯ ಬೆಣಚುಕಲ್ಲು ಭಯಂಕರ ಒತ್ತಡಕ್ಕೆ ಸಿಕ್ಕಿದಾಗ ತಾಳುವ ರೂಪ ಅದು. ಅಷ್ಟು ಒತ್ತಡ ಬೀಳಬೇಕಾದರೆ ಬಂಡೆ ಸುಮಾರು 90 ಕಿಲೋಮೀಟರ್ ಆಳಕ್ಕೆ ಹೋಗಿರಬೇಕು. ಭಾರತದ ಅಂಚಿನ ಒಂದು ತುಂಡು ಏಷ್ಯಾದ ಅಡಿಗೆ ನುಗ್ಗಿ, ಅಷ್ಟು ಆಳ ಮುಟ್ಟಿ, ಮತ್ತೆ ಮೇಲೆ ಬಂದು ಈಗ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಸಿಲು ಕಾಯುತ್ತಿದೆ. ಎವರೆಸ್ಟಿನ ಎತ್ತರ ಒಂಬತ್ತು ಕಿಲೋಮೀಟರಿಗೂ ಕಡಿಮೆ. ಈ ಕಲ್ಲು ಇಳಿದು ಹತ್ತಿದ್ದು ಅದರ ಹತ್ತು ಪಟ್ಟು ಆಳ. ಲಡಾಖಿನಲ್ಲಿ ಎತ್ತರದ ಬಗ್ಗೆಯೇ ಎಲ್ಲರೂ ಮಾತಾಡುತ್ತಾರೆ. ನನ್ನನ್ನು ಕೇಳಿದರೆ ಅಲ್ಲಿನ ದೊಡ್ಡ ಅಂಕಿ ಈ ಆಳದ್ದು.

ಗಾಳಿ ಅರ್ಧ, ನೀರು ಇಲ್ಲವೆನ್ನುವಷ್ಟು ಕಡಿಮೆ, ಚಳಿಗಾಲದ ರಾತ್ರಿ ಸೊನ್ನೆಗಿಂತ 25–30 ಡಿಗ್ರಿ ಕೆಳಗೆ. ಇಂಥಲ್ಲಿ ಯಾವ ಎತ್ತರದವರೆಗೆ ಗಿಡ ಬದುಕೀತು? ತ್ಸೋ ಮೊರಿರಿಯ ಆಸುಪಾಸಿನ ಬೆಟ್ಟಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಝೆಕ್ ಸಸ್ಯವಿಜ್ಞಾನಿಗಳ ತಂಡ ಇದಕ್ಕೆ ಉತ್ತರ ಕೊಟ್ಟಿದೆ: 6,150 ಮೀಟರ್. ಅಲ್ಲಿ, ಬಿಸಿಲು ಬೀಳುವ ಒಂದು ಜಲ್ಲಿ ಇಳಿಜಾರಿನಲ್ಲಿ, ಆರು ಜಾತಿಯ ಹೂಬಿಡುವ ಗಿಡಗಳು ಸಿಕ್ಕವು. ಎವರೆಸ್ಟಿನ ದಕ್ಷಿಣದ ಬೇಸ್ ಕ್ಯಾಂಪ್ 5,364 ಮೀಟರಿನಲ್ಲಿದೆ. ಈ ಗಿಡಗಳು ಅದಕ್ಕಿಂತ ಸುಮಾರು 800 ಮೀಟರ್ ಮೇಲೆ. ಬೇರುಳ್ಳ ಸಸ್ಯಗಳ ಮಟ್ಟಿಗೆ ಜಗತ್ತಿನಲ್ಲಿ ದಾಖಲಾಗಿರುವ ಅತಿ ಎತ್ತರದ ನೆಲೆಗಳಲ್ಲಿ ಇದೂ ಒಂದು. ಒಂದೊಂದು ಗಿಡ ನಾಣ್ಯದಷ್ಟು ಅಗಲ, ನೆಲಕ್ಕೆ ಅಂಟಿದ ಪುಟ್ಟ ಮೆತ್ತೆ. ಬೇರನ್ನು ಕೊಯ್ದು ಬಳೆಗಳನ್ನು ಎಣಿಸಿದಾಗ ಒಂದರ ವಯಸ್ಸು ಇಪ್ಪತ್ತು ವರ್ಷವೆಂದು ತಿಳಿಯಿತು. ಇಪ್ಪತ್ತು ವರ್ಷದಲ್ಲಿ ಒಂದು ನಾಣ್ಯ! ಇಂಥ ನೆಲದ ಮೇಲೆ ಜೀಪಿನ ಚಕ್ರ ಹಾದುಹೋಗುವುದಕ್ಕೆ ಬೇಕಾಗುವುದು ಒಂದು ಸೆಕೆಂಡು.

ಹುಲ್ಲು ಇಷ್ಟು ನಿಧಾನವಾದಾಗ ಅದನ್ನು ತಿನ್ನುವವರು ಒಂದೆಡೆ ನಿಲ್ಲುವಂತಿಲ್ಲ. ಚಾಂಗ್‌ತಾಂಗಿನ ಪ್ರಾಣಿಗಳಿಗೆ ಅಷ್ಟು ವಿಸ್ತಾರ ಬೇಕಾಗುವುದು ಇದಕ್ಕೇ. ಕಿಯಾಂಗ್ ಎಂಬ ಕಾಡುಕತ್ತೆಯನ್ನು ನೋಡಿ. ಜಗತ್ತಿನ ಕಾಡುಕತ್ತೆಗಳಲ್ಲೆಲ್ಲ ದೊಡ್ಡದು. ಹೆಗಲೆತ್ತರ 140 ಸೆಂಟಿಮೀಟರ್ ತನಕ, ತೂಕ 400 ಕಿಲೋ ಮುಟ್ಟುವುದೂ ಉಂಟು. ಕತ್ತೆ ಎಂಬ ಹೆಸರು ಅದರ ಘನತೆಗೆ ಒಪ್ಪುವುದಿಲ್ಲ, ಆದರೆ ಏನು ಮಾಡುವುದು. ಜಗತ್ತಿನಲ್ಲಿ 60ರಿಂದ 70 ಸಾವಿರ ಇವೆ ಎಂದು ಅಂದಾಜು, ಬಹುಪಾಲು ಟಿಬೆಟಿನಲ್ಲಿ. ಲಡಾಖಿನಲ್ಲಿ ಇರುವುದು ಹೆಚ್ಚೆಂದರೆ ಎರಡು ಸಾವಿರ. ಬೇಸಿಗೆಯಲ್ಲಿ ಹಾನ್ಲೆಯ ಬಯಲಿನಲ್ಲಿ ಹಿಂಡುಗಟ್ಟಿ ಕಾಣಿಸುವುದರಿಂದ, ‘ನಮ್ಮ ಆಡುಗಳ ಮೇವನ್ನೆಲ್ಲ ಇವೇ ತಿಂದು ಮುಗಿಸುತ್ತವೆ’ ಎಂಬ ದೂರು ಕುರಿಗಾಹಿಗಳಲ್ಲಿ ಹಳೆಯದು. ದೂರು ಸುಳ್ಳು ಎನ್ನಲಾರೆ. ತನ್ನ ಪಾಲಿನ ಹುಲ್ಲುಗಾವಲಿಗೇ ಐವತ್ತು ಕಿಯಾಂಗ್ ಬಂದಿಳಿದವನ ಕಷ್ಟಕ್ಕೆ ಸರಾಸರಿ ಸಮಾಧಾನ ಕೊಡುವುದಿಲ್ಲ. ಆದರೂ ಒಟ್ಟು ಲೆಕ್ಕ ಹೀಗಿದೆ: ಚಾಂಗ್‌ತಾಂಗಿನಲ್ಲಿ ಪಶ್ಮಿನಾ ಆಡುಗಳು ಎರಡು ಲಕ್ಷದಷ್ಟಿವೆ. ಒಂದು ಕಿಯಾಂಗಿಗೆ ನೂರು ಆಡು. ಒಂದು ಕಿಯಾಂಗ್ ಹತ್ತು ಆಡಿನಷ್ಟು ತಿನ್ನುತ್ತದೆಂದೇ ಹಿಡಿದರೂ ಆಡುಗಳು ಮೇಯುವುದರ ಹತ್ತನೇ ಒಂದು ಪಾಲು.

ಟಿಬೆಟನ್ ಗೆಜೆಲ್ ಎಂಬ ಪುಟ್ಟ ಜಿಂಕೆಯ ಪಾಲು ಅದಕ್ಕೂ ಬಲು ಕಡಿಮೆ. ಒಂದು ಕಾಲಕ್ಕೆ ಪೂರ್ವ ಲಡಾಖಿನ ಸಾವಿರಾರು ಚದರ ಕಿಲೋಮೀಟರಿನಲ್ಲಿ ಓಡಾಡಿಕೊಂಡಿದ್ದ ಇದು ಈಗ ಹಾನ್ಲೆ ಸುತ್ತಿನ ಕೆಲವು ಬಯಲುಗಳಲ್ಲಿ ಉಳಿದಿದೆ, ಒಟ್ಟು ನೂರಕ್ಕಿಂತ ಕಡಿಮೆ. ಲಡಾಖಿನಾಚೆ ಸಿಕ್ಕಿಮಿನ ಎತ್ತರದಲ್ಲಿ ಒಂದಿಷ್ಟು ಬಿಟ್ಟರೆ ಭಾರತದಲ್ಲಿ ಇನ್ನೆಲ್ಲೂ ಇಲ್ಲ.

ಹಿಮಚಿರತೆಯದು ತಲೆಕೆಳಗಾದ ಕತೆ. ಅದು ಇದೆ, ಆದರೆ ಸಿಗುವುದಿಲ್ಲ. ದೇಶದ ಮೊದಲ ಹಿಮಚಿರತೆ ಗಣತಿ 2019ರಿಂದ 2023ರವರೆಗೆ ನಡೆದು, ಫಲಿತಾಂಶ 2024ರ ಜನವರಿಯಲ್ಲಿ ಹೊರಬಂತು. ಭಾರತೀಯ ವನ್ಯಜೀವಿ ಸಂಸ್ಥೆಯ ಜೊತೆ ಕೈಜೋಡಿಸಿದವರಲ್ಲಿ ನಮ್ಮ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಕೂಡ ಇತ್ತು. ದೇಶದಲ್ಲಿ ಒಟ್ಟು 718, ಅದರಲ್ಲಿ ಲಡಾಖಿನವು 477. ಮೂರರಲ್ಲಿ ಎರಡು ಪಾಲು. ಈ ಅಂಕಿಗೆ ಸುರಿದ ಬೆವರಿನ ಲೆಕ್ಕ ಇನ್ನೂ ಸ್ವಾರಸ್ಯಕರ. ನಡೆದದ್ದು 13,450 ಕಿಲೋಮೀಟರ್ ಬೆಟ್ಟದ ಹಾದಿ. ಕ್ಯಾಮೆರಾ ಕಟ್ಟಿದ್ದು 1,971 ಕಡೆ. ಕ್ಯಾಮೆರಾಗಳು ಕಾದ ರಾತ್ರಿಗಳನ್ನೆಲ್ಲ ಕೂಡಿಸಿದರೆ 1,80,000. ಅಷ್ಟಾಗಿ, ಮೈಮೇಲಿನ ಮಚ್ಚೆಗಳಿಂದ ಬೇರೆ ಬೇರೆ ಎಂದು ಗುರುತಿಸಲಾದ ಹಿಮಚಿರತೆಗಳು 241. ಭಾಗಿಸಿದರೆ ಒಂದೊಂದಕ್ಕೆ ಸುಮಾರು 747 ರಾತ್ರಿ. ಎರಡು ವರ್ಷ ಒಂದು ಕಲ್ಲಿನ ಹಿಂದೆ ಕಣ್ಣು ಮಿಟುಕಿಸದೆ ಕೂತರೆ ಒಂದು ಹೊಸ ಮುಖ ಕಂಡೀತು. ಲಡಾಖಿನ 59,146 ಚದರ ಕಿಲೋಮೀಟರನ್ನು 477ರಿಂದ ಭಾಗಿಸಿದರೆ ತಲೆಗೆ 124 ಚದರ ಕಿಲೋಮೀಟರ್ ಬರುತ್ತದೆ. ಇದು ನನ್ನ ಒರಟು ಲೆಕ್ಕ. ಬೆಟ್ಟಗಳು ಕಡಿದಾಗಿರುವಲ್ಲಿ ಚಿರತೆ ಹೆಚ್ಚು, ಚಾಂಗ್‌ತಾಂಗಿನಂಥ ತೆರೆದ ಬಯಲಿನಲ್ಲಿ ಕಡಿಮೆ. ಬಯಲಿನಲ್ಲಿ ಬೇಟೆಯ ಹಕ್ಕು ತೋಳದ್ದು.

ಹಕ್ಕಿಗಳಿಗೆ ಬರೋಣ. ಜಗತ್ತಿನಲ್ಲಿ ಕ್ರೌಂಚಗಳ ಜಾತಿ 15. ಅವುಗಳಲ್ಲಿ ವಿಜ್ಞಾನಕ್ಕೆ ಕಟ್ಟಕಡೆಗೆ ಪರಿಚಯವಾದದ್ದು ಕಪ್ಪುಕತ್ತಿನ ಕ್ರೌಂಚ, 1876ರಲ್ಲಿ, ರಷ್ಯಾದ ಪ್ರವಾಸಿ ನಿಕೊಲಾಯ್ ಪ್ರಝೆವಾಲ್ಸ್ಕಿ ಮೂಲಕ. ಮನುಷ್ಯನೆತ್ತರಕ್ಕೆ ಹತ್ತಿರವಾಗುವ ಹಕ್ಕಿಯೊಂದು ಅಷ್ಟು ದಿನ ಕಣ್ಣಿಗೆ ಬೀಳದೆ ಉಳಿದದ್ದು ಅದು ಆರಿಸಿಕೊಂಡ ಊರಿನಿಂದಾಗಿ. ಭಾರತದಲ್ಲಿ ಅದು ಮೊಟ್ಟೆಯಿಡುವುದು ಪೂರ್ವ ಲಡಾಖಿನ ಜೌಗುಗಳಲ್ಲಿ ಮಾತ್ರ: ಹಾನ್ಲೆ, ಚುಶುಲ್, ತ್ಸೋ ಕರ್ ಕಡೆ. ಗೂಡು ಕಟ್ಟುವ ಜೋಡಿಗಳನ್ನು ಡಜನ್ ಲೆಕ್ಕದಲ್ಲಿ ಎಣಿಸಿ ಮುಗಿಸಬಹುದು. ಒಂದು ಜೋಡಿಗೆ ವರ್ಷಕ್ಕೆ ಒಂದು ಅಥವಾ ಎರಡು ಮೊಟ್ಟೆ. ಹಾಗಾಗಿ ಒಂದೇ ಒಂದು ಗೂಡು ಹಾಳಾದರೂ ಆ ವರ್ಷದ ದೇಶದ ಲೆಕ್ಕವೇ ಬದಲಾಗುತ್ತದೆ. 2021ರಲ್ಲಿ ಲಡಾಖ್ ಇದನ್ನು ತನ್ನ ರಾಜ್ಯಪಕ್ಷಿಯಾಗಿ, ಹಿಮಚಿರತೆಯನ್ನು ರಾಜ್ಯಪ್ರಾಣಿಯಾಗಿ ಘೋಷಿಸಿಕೊಂಡಿತು.

ಕ್ರೌಂಚದಂತೆ ಮುದುಡಿ ಬದುಕದೆ ಕನ್ನಡನಾಡಿನ ತನಕ ರೆಕ್ಕೆ ಚಾಚುವ ಹಕ್ಕಿಯೂ ಅದೇ ಜೌಗಿನಲ್ಲಿ ಮರಿ ಮಾಡುತ್ತದೆ. ಪಟ್ಟೆತಲೆ ಹೆಬ್ಬಾತು. ಬಿಳಿ ನೆತ್ತಿಯ ಮೇಲೆ ಎರಡು ಕಪ್ಪು ಪಟ್ಟೆ, ಎರಡು–ಮೂರು ಕಿಲೋ ತೂಕ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ನವೆಂಬರ್ ಹೊತ್ತಿಗೆ ಬಂದಿಳಿಯುವ ಹೆಬ್ಬಾತುಗಳನ್ನು ನೀವು ನೋಡಿರಬಹುದು. ಲಡಾಖ್, ಟಿಬೆಟ್, ಮಂಗೋಲಿಯಾ ಸೀಮೆಗಳಿಂದ ಬರುವ ಹಕ್ಕಿಗಳಿವು. ಮಾಗಡಿಯದು ಹೊಲಕ್ಕೆ ನೀರುಣಿಸಲು ಕಟ್ಟಿದ ಕೆರೆ, ವಿಸ್ತಾರ ಐವತ್ತು ಹೆಕ್ಟೇರಿನ ಆಸುಪಾಸು. ಅಷ್ಟರಲ್ಲಿ ಚಳಿಗಾಲ ಕಳೆಯುವ ಹೆಬ್ಬಾತುಗಳು ಸುಮಾರು 8,000. ದಕ್ಷಿಣ ಭಾರತದಲ್ಲಿ ಇವುಗಳ ಅತಿ ದೊಡ್ಡ ಚಳಿಗಾಲದ ಬೀಡುಗಳಲ್ಲಿ ಒಂದಾದ ಮಾಗಡಿಗೆ 2024ರ ಜನವರಿಯಲ್ಲಿ ರಾಮ್ಸರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲೆಯ, ಪಟ್ಟ ಸಿಕ್ಕಿತು. ತ್ಸೋ ಮೊರಿರಿಗೆ ಅದು 2002ರಲ್ಲೇ, ತ್ಸೋ ಕರ್‌ಗೆ 2020ರಲ್ಲಿ ಸಿಕ್ಕಿತ್ತು. ಒಂದೇ ಹಕ್ಕಿಯ ಬೇಸಿಗೆಯ ಮನೆ, ಚಳಿಗಾಲದ ಮನೆ ಎರಡೂ ಒಂದೇ ಪಟ್ಟಿಗೆ ಸೇರಿದಂತಾಯಿತು.

ಈ ಎರಡು ಮನೆಗಳ ನಡುವೆ ನೇರ ಗೆರೆ ಎಳೆದರೆ ಸುಮಾರು 2,000 ಕಿಲೋಮೀಟರ್. ದೂರ ದೊಡ್ಡದಲ್ಲ, ಅದಕ್ಕಿಂತ ದೂರ ಹಾರುವ ಹಕ್ಕಿಗಳು ಬೇಕಾದಷ್ಟಿವೆ. ಕಷ್ಟವಿರುವುದು ನಡುವಿನ ಹಿಮಾಲಯದಲ್ಲಿ. ಬೆನ್ನಿಗೆ ಸಣ್ಣ ಉಪಗ್ರಹ ಸಾಧನ ಕಟ್ಟಿ ಬಿಟ್ಟ ಹೆಬ್ಬಾತುಗಳು ಉತ್ತರಕ್ಕೆ ಮರಳುವಾಗ 4,000ದಿಂದ 6,000 ಮೀಟರ್ ಏರಿಕೆಯನ್ನು ಏಳೆಂಟು ಗಂಟೆಯಲ್ಲಿ ಮುಗಿಸಿದ್ದು ದಾಖಲಾಗಿದೆ. ಹೀಗೆ ಅಳೆದ ಅತಿ ಎತ್ತರದ ಹಾರಾಟ 7,290 ಮೀಟರ್. ಅಲ್ಲಿ ಗಾಳಿ ಸಮುದ್ರಮಟ್ಟದ ಐದರಲ್ಲಿ ಎರಡು ಪಾಲು. ನಾವಾಗಿದ್ದರೆ ಲೇಹ್‌ನಲ್ಲಿ ಎರಡು ದಿನ ಮಲಗಿ ಮೈಯನ್ನು ಎತ್ತರಕ್ಕೆ ಒಗ್ಗಿಸಿಕೊಳ್ಳಬೇಕು. ಇವು ರೆಕ್ಕೆ ಬಡಿಯುತ್ತಲೇ ಏರುತ್ತವೆ. ಹಿಂಬದಿಯ ಗಾಳಿಯ ಸಹಾಯವನ್ನೂ ನೆಚ್ಚುವುದಿಲ್ಲ. ಗಾಳಿ ತಣ್ಣಗೆ, ದಟ್ಟವಾಗಿರುವ ರಾತ್ರಿ ಮತ್ತು ನಸುಕಿನ ಹೊತ್ತನ್ನು ಆರಿಸಿಕೊಳ್ಳುತ್ತವೆ. ಸಾಧ್ಯವಾದಷ್ಟು ನೆಲಕ್ಕೆ ಅಂಟಿಕೊಂಡೇ ಹೋಗುತ್ತವೆ. ಬೆಟ್ಟ ಏರಿದಾಗ ಏರಿ, ಕಣಿವೆ ಬಂದಾಗ ಇಳಿದು. ಗಳಿಸಿದ ಎತ್ತರವನ್ನು ಹೀಗೆ ಕಳೆದುಕೊಳ್ಳುವುದು ದಡ್ಡತನವಾಗಿ ಕಾಣುತ್ತದೆ, ಆದರೆ ತೆಳುಗಾಳಿಯಲ್ಲಿ ತೇಲಿಕೊಂಡಿರುವುದಕ್ಕೆ ತಗಲುವ ಶಕ್ತಿಗಿಂತ ಇಳಿದು ಮತ್ತೆ ಏರುವುದೇ ಅಗ್ಗ.

ಈ ಸಾಹಸದ ಗುಟ್ಟಿನಲ್ಲಿ ಒಂದು ಪಾಲು ರಕ್ತದಲ್ಲಿದೆ. ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿನ ಒಂದು ಎಳೆಯಲ್ಲಿ 119ನೆಯ ಸ್ಥಾನದಲ್ಲಿ ಇತರ ಹೆಬ್ಬಾತುಗಳಿಗೆ ಪ್ರೋಲೀನ್ ಎಂಬ ಅಮೈನೊ ಆಮ್ಲವಿದ್ದರೆ ಇದಕ್ಕೆ ಅಲನಿನ್. ನೂರಕ್ಕೂ ಹೆಚ್ಚು ಮಣಿಗಳ ಸರದಲ್ಲಿ ಒಂದು ಮಣಿಯ ಬದಲಾವಣೆ. ಅದರಿಂದ ರಕ್ತ ತೆಳುಗಾಳಿಯಲ್ಲೂ ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿಯುತ್ತದೆ.

ಮನುಷ್ಯರ ಲೆಕ್ಕಕ್ಕೆ ಬಂದರೆ, ಭಾಗಾಕಾರದಿಂದಲೇ ಬದುಕಿದವರು ಚಾಂಗ್‌ಪಾಗಳು. ಆಡು, ಕುರಿ, ಯಾಕ್ ಮೇಯಿಸುವ ಈ ಅಲೆಮಾರಿಗಳು ಯಾಕಿನ ಕೂದಲಿನಿಂದ ನೇಯ್ದ ‘ರೆಬೊ’ ಡೇರೆಗಳನ್ನು ಕಿತ್ತು ವರ್ಷದಲ್ಲಿ ಹಲವು ಸಲ ಜಾಗ ಬದಲಿಸುತ್ತಾರೆ. ಯಾವ ಕಣಿವೆಯಲ್ಲಿ ಯಾರ ಮಂದೆ ಎಷ್ಟು ದಿನ ಮೇಯಬೇಕು ಎಂಬುದನ್ನು ಊರಿನ ಮುಖಂಡ ‘ಗೋಬಾ’ ತೀರ್ಮಾನಿಸುತ್ತಾನೆ. ಲಡಾಖಿನಿಂದ ವರ್ಷಕ್ಕೆ ಹೊರಡುವ ಹಸಿ ಪಶ್ಮಿನಾ 50 ಟನ್ನಿನ ಸುಮಾರಿಗೆ. ಎರಡು ಲಕ್ಷ ಆಡುಗಳಿಂದ ಭಾಗಿಸಿದರೆ ತಲೆಗೆ ಕಾಲು ಕಿಲೋ. ಹೊರಮೈಯ ಒರಟು ಕೂದಲು, ಕಸ ತೆಗೆದರೆ ಉಳಿಯುವುದು ಅದರ ಮೂರನೇ ಒಂದು ಪಾಲು, ಎಂಬತ್ತು ಗ್ರಾಂ. ಒಂದು ಶಾಲಿಗೆ ಎರಡು–ಮೂರು ಆಡುಗಳ ಇಡೀ ವರ್ಷದ ಚಳಿ ಬೇಕು. ಚಳಿ ಎಂದೇ ಹೇಳಬೇಕು, ಏಕೆಂದರೆ ಆ ಎಳೆಯನ್ನು ಬೆಳೆಸುವುದು ಅದೇ. ದಪ್ಪ 12ರಿಂದ 15 ಮೈಕ್ರಾನ್, ಮನುಷ್ಯನ ಕೂದಲಿನ ನಾಲ್ಕೈದನೇ ಒಂದು ಭಾಗ. ಜಗತ್ತಿನ ಮಾರುಕಟ್ಟೆಯಲ್ಲಿ ಈ ಜಾತಿಯ ಉಣ್ಣೆಯ ಬಹುಪಾಲು ಚೀನಾ, ಮಂಗೋಲಿಯಾದ್ದು. ಲಡಾಖಿನ ಪಾಲು ನೂರಕ್ಕೆ ಒಂದೂ ಇಲ್ಲ. ಆದರೂ ಹೆಸರು ಉಳಿದಿರುವುದು ಇದರದೇ.

ಆಡಿನ ಉಣ್ಣೆಯನ್ನು ವಸಂತದಲ್ಲಿ ಬಾಚಿ ತೆಗೆಯಬಹುದು, ಆಡು ಬದುಕುತ್ತದೆ. ಅದಕ್ಕಿಂತ ನಯವಾದ ಶಾಹ್ತೂಷ್ ಬರುವುದು ಚಿರು ಎಂಬ ಕಾಡು ಹುಲ್ಲೆಯಿಂದ, ಕೊಂದರೆ ಮಾತ್ರ. ಒಂದು ಶಾಲಿಗೆ ಮೂರರಿಂದ ಐದು ಚಿರು. ಟಿಬೆಟ್ ಪ್ರಸ್ಥಭೂಮಿಯಲ್ಲಿ ಹತ್ತು ಲಕ್ಷದಷ್ಟಿತ್ತೆನ್ನಲಾದ ಅವುಗಳ ಸಂಖ್ಯೆ 1990ರ ದಶಕದಲ್ಲಿ 75 ಸಾವಿರಕ್ಕಿಂತ ಕೆಳಗಿಳಿದಿತ್ತು. ಬಿಗಿ ಕಾವಲಿನ ನಂತರ ಚೀನಾದ ಕಡೆ ಚೇತರಿಸಿಕೊಂಡಿದೆ. ನಮ್ಮ ಕಡೆ ಬೇಸಿಗೆಯಲ್ಲಿ ಗಡಿ ದಾಟಿ ಬರುವ ಕೆಲವು ನೂರು ಅಷ್ಟೆ.

ಚಾಂಗ್‌ಪಾಗಳ ಸಂಖ್ಯೆಯೂ ಕೆಳಮುಖವಾಗಿದೆ. 1962ರ ಚೀನಾ ಯುದ್ಧದ ನಂತರ ಗಡಿಯಾಚೆಯ ಚಳಿಗಾಲದ ಹುಲ್ಲುಗಾವಲುಗಳು ಕೈತಪ್ಪಿದವು. ಇತ್ತ ಟಿಬೆಟಿನಿಂದ ನಿರಾಶ್ರಿತ ಕುಟುಂಬಗಳು ತಮ್ಮ ಮಂದೆಗಳೊಂದಿಗೆ ಬಂದವು. ಹುಲ್ಲು ಕಡಿಮೆ, ಬಾಯಿ ಹೆಚ್ಚು. ಖರ್ನಾಕ್ ಎಂಬ ಸಮುದಾಯದ ಬಹುಪಾಲು ಕುಟುಂಬಗಳು ಮಕ್ಕಳ ಶಾಲೆ, ಆಸ್ಪತ್ರೆ ಎಂದು ಲೇಹ್ ಪಕ್ಕದ ಖರ್ನಾಕ್‌ಲಿಂಗ್ ಕಾಲೊನಿಗೆ ಇಳಿದುಬಿಟ್ಟಿವೆ. ಅವರನ್ನು ದೂರುವ ಹಕ್ಕು ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ರಾತ್ರಿಯನ್ನು ಡೇರೆಯಲ್ಲಿ ಕಳೆಯದ ನಮಗಿಲ್ಲ.

ಏನೂ ಬೆಳೆಯದ ಈ ನೆಲದಲ್ಲಿ ಹುಲುಸಾಗಿ ಬೆಳೆಯುವ ವಸ್ತು ಒಂದಿದೆ, ಕತ್ತಲೆ. ಮಳೆಯಿಲ್ಲ, ಮೋಡ ಕಡಿಮೆ, ಗಾಳಿ ತೆಳು, ಊರುಗಳಿಲ್ಲ. ಬರಗಾಲದ ಪಟ್ಟಿಯಂತಿರುವ ಇದೇ ಪಟ್ಟಿಯನ್ನು ಖಗೋಳ ವಿಜ್ಞಾನಿಗಳು ಹುಡುಕುತ್ತಿದ್ದರು. ಬೆಂಗಳೂರಿನ ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಅಸ್ಟ್ರೋಫಿಸಿಕ್ಸ್ ಹಾನ್ಲೆಯ ಗುಡ್ಡವೊಂದರ ಮೇಲೆ, 4,500 ಮೀಟರ್ ಎತ್ತರದಲ್ಲಿ, ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಿಲ್ಲಿಸಿ 2000ದ ಸೆಪ್ಟೆಂಬರಿನಲ್ಲಿ ಮೊದಲ ಬೆಳಕು ಕಂಡಿತು. ವರ್ಷದ 365 ರಾತ್ರಿಗಳಲ್ಲಿ ಸುಮಾರು 260 ಅಲ್ಲಿ ವೀಕ್ಷಣೆಗೆ ಬರುತ್ತವೆ.

ಆ ದೂರದರ್ಶಕವನ್ನು ತಿರುಗಿಸುವವರು ಕೂತಿರುವುದು ಹೊಸಕೋಟೆಯಲ್ಲಿ. ಹಾನ್ಲೆ ಮತ್ತು ಹೊಸಕೋಟೆ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ, ನಡುವೆ ಸುಮಾರು 2,200 ಕಿಲೋಮೀಟರ್. ಆಜ್ಞೆ ಸಾಗುವ ಹಾದಿ ಮಾತ್ರ ಅಷ್ಟಲ್ಲ: ಹೊಸಕೋಟೆಯಿಂದ 36,000 ಕಿಲೋಮೀಟರ್ ಮೇಲಿರುವ ಉಪಗ್ರಹಕ್ಕೆ, ಅಲ್ಲಿಂದ ಮತ್ತೆ ಅಷ್ಟೇ ದೂರ ಕೆಳಗೆ ಹಾನ್ಲೆಗೆ. ‘ಸ್ವಲ್ಪ ಎಡಕ್ಕೆ’ ಎಂಬ ಒಂದು ಮಾತು 72,000 ಕಿಲೋಮೀಟರ್ ಓಡಿ, ಕಾಲು ಸೆಕೆಂಡಿನಲ್ಲಿ ತಲುಪುತ್ತದೆ. ಭೂಮಿಯ ಸುತ್ತಳತೆಯೇ 40,000. ಹೊಸಕೋಟೆಯಲ್ಲಿ ಫ್ಯಾನಿನ ಕೆಳಗೆ ಕೂತ ಖಗೋಳಜ್ಞರು ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಗುಮ್ಮಟದಿಂದ ನಕ್ಷತ್ರ ನೋಡುವುದಕ್ಕೆ ಇದು ಬೆಲೆ, ಮತ್ತು ಅಗ್ಗದ ಬೆಲೆ.

ಅದೇ ಬಯಲಿನಲ್ಲಿ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಮೇಸ್ ದೂರದರ್ಶಕ ಇನ್ನೊಂದು ಗಾತ್ರದ್ದು. 21 ಮೀಟರ್ ವ್ಯಾಸ, 175 ಟನ್ ತೂಕ, 356 ಕನ್ನಡಿ ಫಲಕಗಳು. ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರ ಕಟ್ಟಿದ ಇದು ಹುಡುಕುವುದು ಗಾಮಾ ಕಿರಣಗಳು ವಾತಾವರಣಕ್ಕೆ ಬಡಿದಾಗ ಹೊಮ್ಮುವ ನೀಲಿ ಮಿಂಚನ್ನು. ಆ ಮಿಂಚಿನ ಆಯುಸ್ಸು ಒಂದು ಸೆಕೆಂಡಿನ ನೂರು ಕೋಟಿ ಭಾಗಗಳಲ್ಲಿ ಕೆಲವೇ ಭಾಗ. ಇಂಥ ಬೆಳಕನ್ನು ಹಿಡಿಯುವಲ್ಲಿ ಒಂದು ಬೀದಿದೀಪವೂ ದೊಡ್ಡ ಶತ್ರು. ಅದಕ್ಕೇ 2022ರ ಡಿಸೆಂಬರಿನಲ್ಲಿ ಹಾನ್ಲೆಯ ಸುತ್ತಿನ 1,073 ಚದರ ಕಿಲೋಮೀಟರನ್ನು ಕತ್ತಲ ಆಕಾಶದ ಮೀಸಲು ಪ್ರದೇಶವೆಂದು ಅಧಿಸೂಚನೆ ಹೊರಡಿಸಲಾಯಿತು, ದೇಶದಲ್ಲೇ ಮೊದಲನೆಯದು. ಅಲ್ಲಿನ ಪುಟ್ಟ ಹಳ್ಳಿಗಳವರು ಕಿಟಕಿಗೆ ದಪ್ಪ ಪರದೆ ಹಾಕಿಕೊಂಡು, ದೀಪಗಳನ್ನು ತಲೆತಗ್ಗಿಸಿ ಕಟ್ಟಿದ್ದಾರೆ; ಊರಿನ ಹುಡುಗ ಹುಡುಗಿಯರು ಸಣ್ಣ ದೂರದರ್ಶಕ ಹಿಡಿದು ಪ್ರವಾಸಿಗರಿಗೆ ಶನಿಯ ಬಳೆ ತೋರಿಸಿ ಸಂಪಾದಿಸುತ್ತಿದ್ದಾರೆ. ಕತ್ತಲೆ ಮಾರಿ ಬದುಕುವ ಊರು ಇದು.

ಇಷ್ಟು ಹೊತ್ತು ಹಂಚಿದ ಈ ಲೆಕ್ಕಗಳು ಕಡತದಲ್ಲಿ ಒಂದೇ ಪದವಾಗಿ ಕಾಣಿಸುತ್ತವೆ: ಖಾಲಿ ಜಾಗ. ನನ್ನ ತಕರಾರು ಇರುವುದು ಇಲ್ಲಿಯೇ. 2023ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಲಡಾಖಿನಲ್ಲಿ ಸೌರ, ಗಾಳಿ ಸೇರಿ 13,000 ಮೆಗಾವಾಟ್ ವಿದ್ಯುತ್ತಿಗೆ ದಾರಿ ಮಾಡುವ ಸಾಗಣೆ ಮಾರ್ಗಕ್ಕೆ ಒಪ್ಪಿಗೆ ಕೊಟ್ಟಿತು. ವೆಚ್ಚ 20,773 ಕೋಟಿ ರೂಪಾಯಿ, ಚಾಂಗ್‌ತಾಂಗ್ ಸೀಮೆಯ ಪಾಂಗ್ ಎಂಬಲ್ಲಿಂದ ಹರಿಯಾಣದ ಕೈತಲ್‌ವರೆಗೆ 713 ಕಿಲೋಮೀಟರ್ ತಂತಿ. ಬಿಸಿಲು ಅಲ್ಲಿ ಪ್ರಖರ, ತಂಪಿನಲ್ಲಿ ಫಲಕಗಳು ಚೆನ್ನಾಗಿ ಕೆಲಸ ಮಾಡುತ್ತವೆ; ಜಾಗದ ಆಯ್ಕೆಗೆ ಕಾರಣಗಳಿವೆ. ಆದರೆ ಅಳತೆ ನೋಡಿ. ನಮ್ಮ ಪಾವಗಡದ ಸೌರ ಪಾರ್ಕು 2,050 ಮೆಗಾವಾಟ್, ಅದು ಹಿಡಿದ ನೆಲ 13,000 ಎಕರೆ. ಲಡಾಖಿನ 13,000 ಮೆಗಾವಾಟಿನಲ್ಲಿ ಅರ್ಧ ಮಾತ್ರ ಸೌರ ಎಂದು ಹಿಡಿದರೂ, ಪಾವಗಡದ ಲೆಕ್ಕದಲ್ಲಿ 41,000 ಎಕರೆ ಬೇಕು. 167 ಚದರ ಕಿಲೋಮೀಟರ್. ಪಾವಗಡದಲ್ಲಿ ರೈತರ ಹೆಸರಿನಲ್ಲಿ ಪಹಣಿ ಇತ್ತು, ಎಕರೆಗೆ ಇಷ್ಟೆಂದು ವರ್ಷವರ್ಷ ಗುತ್ತಿಗೆ ಹಣ ಬರುತ್ತದೆ. ಚಾಂಗ್‌ಪಾಗಳಿಗೆ ಪಹಣಿಯಿಲ್ಲ, ಗೋಬಾನ ಮಾತಿದೆ. ನಾಣ್ಯದಗಲ ಬೆಳೆಯಲು ಇಪ್ಪತ್ತು ವರ್ಷ ತೆಗೆದುಕೊಳ್ಳುವ ನೆಲದಲ್ಲಿ 167 ಚದರ ಕಿಲೋಮೀಟರನ್ನು ಒಟ್ಟು ವಿಸ್ತೀರ್ಣದಿಂದ ಭಾಗಿಸಿ ‘ನೂರಕ್ಕೆ ಇಷ್ಟೇ’ ಎನ್ನುವುದು ಸುಲಭ. ಭಾಗಿಸಬೇಕಾದದ್ದು ಮೇಯಲು ಬರುವ ಸಮತಟ್ಟು ನೆಲದಿಂದ. ಫಲಕಕ್ಕೂ ಆಡಿಗೂ ಗೆಜೆಲ್‌ಗೂ ಬೇಕಾಗಿರುವುದು ಅದೇ ಸಮತಟ್ಟು. ಆ ಲೆಕ್ಕವನ್ನು ಕುರಿಗಾಹಿಗಳ ಎದುರಿಗೆ ಕೂತು ಮಾಡಿದ ಮೇಲೆ ವಿದ್ಯುತ್ ಬರಲಿ.

ಇನ್ನೊಂದು ಗುಣಾಕಾರ ನಮ್ಮದೇ. ಲಡಾಖನ್ನು ಪ್ರವಾಸಿಗರಿಗೆ ತೆರೆದ 1974ರಲ್ಲಿ ಬಂದವರು 527. 2022ರಲ್ಲಿ ಐದು ಲಕ್ಷ ದಾಟಿತು, ಹೆಚ್ಚುಕಡಿಮೆ ಸಾವಿರ ಪಟ್ಟು. 2011ರ ಗಣತಿಯಂತೆ ಇಡೀ ಲಡಾಖಿನ ಜನಸಂಖ್ಯೆ 2.74 ಲಕ್ಷ. ಒಬ್ಬ ನಿವಾಸಿಗೆ ಇಬ್ಬರು ಅತಿಥಿಗಳು. ಇವರಲ್ಲಿ ಬೆಂಗಳೂರಿನಿಂದ ಬೈಕ್ ಏರಿ ಹೋಗುವ ಹುಡುಗರೂ ಸೇರಿದ್ದಾರೆ; 19,024 ಅಡಿಯ ಉಮ್ಲಿಂಗ್ ಲಾ ರಸ್ತೆಯ ಫಲಕದ ಮುಂದೆ ಫೋಟೊ ತೆಗೆಸಿಕೊಳ್ಳಲು ಅವರು ಸಾಮಾನ್ಯವಾಗಿ ಹಾನ್ಲೆಯ ಮೂಲಕ ಹಾಯುತ್ತಾರೆ.

ಹೋಗುವವರಲ್ಲಿ ಮೂರು ಕೋರಿಕೆ. ಚಕ್ರದ ಗುರುತಿರುವ ದಾರಿ ಬಿಟ್ಟು ಗಾಡಿ ಇಳಿಸಬೇಡಿ. ಕಿಯಾಂಗ್ ಹಿಂಡು ಗಾಡಿಯ ಪಕ್ಕದಲ್ಲಿ ಓಡತೊಡಗಿದರೆ ಅದು ಆಟವಲ್ಲ. ಅರ್ಧ ಗಾಳಿಯಲ್ಲಿ, ಅರೆಹೊಟ್ಟೆಯಲ್ಲಿ ಅದು ಖರ್ಚು ಮಾಡುತ್ತಿರುವ ಶಕ್ತಿ ಚಳಿಗಾಲಕ್ಕೆ ಇಟ್ಟುಕೊಂಡದ್ದು, ಆದ್ದರಿಂದ ಗಾಡಿ ನಿಲ್ಲಿಸಿ. ಮೂರನೆಯದು, ಕ್ಯಾಂಪಿನಲ್ಲಿ ಉಳಿದ ಊಟವನ್ನು ಬೀದಿನಾಯಿಗಳಿಗೆ ಹಾಕಬೇಡಿ. ಪ್ರವಾಸದ ದಿನಗಳಲ್ಲಿ ಮೈದುಂಬಿಕೊಂಡ ಆ ನಾಯಿಗಳು ಕ್ರೌಂಚದ ಗೂಡುಗಳಿಗೆ ನುಗ್ಗಿ ಮೊಟ್ಟೆ, ಮರಿಗಳನ್ನು ತಿನ್ನುತ್ತವೆ, ಮತ್ತು ಒಂದು ಗೂಡಿನಲ್ಲಿರುವುದು ಒಂದೋ ಎರಡೋ ಮೊಟ್ಟೆ.